ಸ್ಯಾಟಲೈಟ್ ಕೋಶವನ್ನು ಅದು ಕೂತ ಜಾಗದಲ್ಲೇ ನೋಡಿದ್ದು: ನನ್ನ ಅನುಭವ

ಜಿಮ್‌ಗೆ ಹೋಗುವವರ ಬಾಯಲ್ಲಿ ಈಗ ಸ್ಯಾಟಲೈಟ್ ಸೆಲ್ ಅನ್ನೋ ಮಾತು ಜೋರಾಗಿ ಓಡಾಡುತ್ತಿದೆ. ವೇಯ್ಟ್ ಎತ್ತಿದರೆ ಮಾಂಸಖಂಡ ಹರಿಯುತ್ತೆ, ಸ್ಯಾಟಲೈಟ್ ಸೆಲ್ ಬಂದು ರಿಪೇರಿ ಮಾಡುತ್ತೆ, ಹಾಗಾಗಿ ತೋಳು ದಪ್ಪ ಆಗುತ್ತೆ. ಇಷ್ಟು ಸಲೀಸಾಗಿ ಹೇಳಿಬಿಡುತ್ತಾರೆ. ನಾನು ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಇದೇ ಕೋಶಗಳ ಮೇಲೆ ಪಿಎಚ್‌ಡಿ ಮಾಡಿದವಳು. ಇಲಿಯ ಕಾಲಿನ ಸ್ನಾಯುವಿನಿಂದ ಒಂದೊಂದೇ ಎಳೆ ಬಿಡಿಸಿ, ಅದರ ಮೇಲೆ ಕೂತಿರುವ ಸ್ಯಾಟಲೈಟ್ ಕೋಶವನ್ನು ನೋಡುವುದು ನನ್ನ ಕೆಲಸ. ಅದನ್ನು ಹೇಗೆ ಮಾಡುತ್ತೇನೆ, ಮಾಡುತ್ತಾ ಮಾಡುತ್ತಾ ನನಗೆ ಏನು ಗೊತ್ತಾಯಿತು ಅಂತ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗ ಆಗಬಹುದು, ಕನ್ನಡದಲ್ಲಿ ಇದನ್ನು ಓದಬೇಕು ಅನ್ನುವವರಿಗೂ ಒಂದಷ್ಟು ಸಿಗಬಹುದು.

ಮೊದಲು ಆ ಕೋಶ ಎಲ್ಲಿರುತ್ತದೆ ಅಂತ ಹೇಳಿಬಿಡುತ್ತೇನೆ. ನಮ್ಮ ಕೈಕಾಲಿನ ಸ್ನಾಯುವಿನ ಒಂದೊಂದು ಎಳೆಯೂ ಒಂದೇ ಉದ್ದನೆಯ ಕೋಶ, ಆದರೆ ಅದರೊಳಗೆ ನ್ಯೂಕ್ಲಿಯಸ್‌ಗಳು ನೂರಾರು. ಎಳೆಗೆ ತನ್ನದೇ ಒಂದು ತೆಳು ಪೊರೆ ಇದೆ, ಅದರ ಹೊರಗೆ ಬೇಸಲ್ ಲ್ಯಾಮಿನಾ ಅನ್ನುವ ಇನ್ನೊಂದು ಹೊದಿಕೆ ಇದೆ. ಈ ಎರಡರ ಸಂದಿಯಲ್ಲಿ ಚಪ್ಪಟೆಯಾಗಿ ಅಂಟಿಕೊಂಡು ಕೂತಿರುವುದೇ ಸ್ಯಾಟಲೈಟ್ ಕೋಶ. 1961ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಇನ್‌ಸ್ಟಿಟ್ಯೂಟಿನ ಅಲೆಕ್ಸಾಂಡರ್ ಮೌರೊ ಕಪ್ಪೆಯ ಕಾಲಿನ ಸ್ನಾಯುವನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡುವಾಗ ಇದನ್ನು ಗುರುತಿಸಿದರು. ಎಳೆಯ ಅಂಚಿಗೆ ಅಂಟಿಕೊಂಡಿದ್ದರಿಂದ ಈ ಹೆಸರು ಕೊಟ್ಟರು. ಗಾಯವಾದ ಸ್ನಾಯು ಮತ್ತೆ ಬೆಳೆಯುವುದಕ್ಕೂ ಇದಕ್ಕೂ ಸಂಬಂಧ ಇರಬಹುದು ಅಂತ ಅವತ್ತೇ ಊಹಿಸಿ ಬರೆದಿದ್ದರು. ಆಮೇಲೆ 1971ರಲ್ಲಿ ಮಾಸ್ ಮತ್ತು ಲೆಬ್ಲಾಂಡ್ ಬೆಳೆಯುವ ಇಲಿಮರಿಗಳಿಗೆ ವಿಕಿರಣದ ಗುರುತು ಇರುವ ಥೈಮಿಡಿನ್ (ವಿಭಜನೆಗೆ ಹೊರಟ ಕೋಶದ ಡಿಎನ್‌ಎಗೆ ಸೇರಿಕೊಳ್ಳುವ ವಸ್ತು) ಕೊಟ್ಟು, ಗುರುತು ಮೊದಲು ಸ್ಯಾಟಲೈಟ್ ಕೋಶದಲ್ಲಿ ಕಾಣಿಸಿ ಆಮೇಲೆ ಎಳೆಯೊಳಗಿನ ನ್ಯೂಕ್ಲಿಯಸ್‌ನಲ್ಲಿ ಕಾಣಿಸುವುದನ್ನು ತೋರಿಸಿದರು. ಅಂದರೆ ಈ ಕೋಶ ವಿಭಜನೆಯಾಗಿ ಎಳೆಯೊಳಗೆ ಸೇರಿಕೊಳ್ಳುತ್ತದೆ, ತನ್ನ ನ್ಯೂಕ್ಲಿಯಸ್ ಅನ್ನು ಎಳೆಗೆ ಕೊಡುತ್ತದೆ. ಎಳೆಯೊಳಗಿನ ನ್ಯೂಕ್ಲಿಯಸ್‌ಗಳು ತಾವೇ ಎರಡಾಗುವುದಿಲ್ಲ. ಹೊಸ ನ್ಯೂಕ್ಲಿಯಸ್ ಬೇಕು ಅಂದರೆ ಹೊರಗಿನಿಂದಲೇ ಬರಬೇಕು.

ಈ ಕೋಶಗಳನ್ನು ನೋಡಲು ಎರಡು ದಾರಿ ಇದೆ. ಇಡೀ ಸ್ನಾಯುವನ್ನು ಕೊಚ್ಚಿ, ಕಿಣ್ವದಲ್ಲಿ ಕರಗಿಸಿ, ಸೋಸಿ, ಸಾರ್ಟರ್ ಯಂತ್ರದಲ್ಲಿ ಸ್ಯಾಟಲೈಟ್ ಕೋಶಗಳನ್ನು ಮಾತ್ರ ಬೇರೆ ಮಾಡುವುದು ಒಂದು. ಲಕ್ಷಗಟ್ಟಲೆ ಕೋಶ ಬೇಕಾದಾಗ ಅದೇ ಸರಿ. ಇನ್ನೊಂದು, ಎಳೆಯನ್ನು ಇಡಿಯಾಗಿ ಬಿಡಿಸಿಕೊಂಡು ಅದರ ಮೇಲೇ ಕೋಶವನ್ನು ನೋಡುವುದು. ನಿಧಾನದ ಕೆಲಸ, ಕಣ್ಣು ನೋಯುತ್ತದೆ, ಸಿಗುವುದೂ ಕಡಿಮೆ. ಆದರೂ ನಾನು ಎರಡನೆಯದನ್ನೇ ಹಿಡಿದೆ. ಯಾಕೆಂದರೆ ಈ ಕೋಶ ಸುಮ್ಮನೆ ಮಲಗಿರುವುದಕ್ಕೆ ಅದು ಕೂತ ಜಾಗವೇ ಕಾರಣ. ಒಂದು ಕಡೆ ಎಳೆ, ಇನ್ನೊಂದು ಕಡೆ ಹೊದಿಕೆ, ಎರಡರಿಂದಲೂ ಅದಕ್ಕೆ ಸೂಚನೆ ಬರುತ್ತಲೇ ಇರುತ್ತದೆ. ಕಿತ್ತು ಪ್ಲಾಸ್ಟಿಕ್ ಡಿಶ್‌ಗೆ ಹಾಕಿದರೆ ಎದ್ದು ವಿಭಜನೆಗೆ ಶುರು ಹಚ್ಚಿಕೊಳ್ಳುತ್ತದೆ, ಆಗ ನಾವು ನೋಡುವುದು ಬೇರೆಯೇ ಒಂದು ಕೋಶವನ್ನು.

ಇನ್ನು ಕೆಲಸಕ್ಕೆ ಬರೋಣ. ನಾನು ಬಳಸುವುದು ಇಡಿಎಲ್ ಅನ್ನುವ ಸ್ನಾಯು, ಕಾಲ್ಬೆರಳುಗಳನ್ನು ಮೇಲಕ್ಕೆತ್ತುವುದು. ಮೊಣಕಾಲಿನ ಕೆಳಗೆ ಮುಂಭಾಗದಲ್ಲಿ, ಟಿಬಿಯಾಲಿಸ್ ಅನ್ನುವ ದಪ್ಪ ಸ್ನಾಯುವಿನ ಅಡಿಯಲ್ಲಿ ಅಡಗಿರುತ್ತದೆ. ಸಣ್ಣದು, ಎರಡೂ ತುದಿಯಲ್ಲಿ ಬಿಳಿಯ ಕಂಡರ (ಟೆಂಡನ್) ಚೆನ್ನಾಗಿ ಕಾಣುತ್ತದೆ, ಅದಕ್ಕೇ ಎಲ್ಲರಿಗೂ ಇದು ಇಷ್ಟ. ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಇಲ್ಲದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ. ನಾನು ಒಂದು ಇಲಿಯಿಂದ ಎರಡೂ ಕಾಲಿನ ಸ್ನಾಯು ತೆಗೆದುಕೊಳ್ಳುತ್ತೇನೆ, ಉಳಿದ ಅಂಗಾಂಶ ಬೇಕಾದವರನ್ನು ಮೊದಲೇ ಕೇಳಿಟ್ಟುಕೊಂಡಿರುತ್ತೇನೆ. ಆ ಜೀವ ಹೋಗಿದೆ ಅಂದಮೇಲೆ ಅದರಿಂದ ಆದಷ್ಟು ಕಲಿಯಬೇಕು, ಈ ವಿಷಯದಲ್ಲಿ ನಾನು ಕಟ್ಟುನಿಟ್ಟು.

ಚರ್ಮ ಸರಿಸಿ, ಮೇಲಿನ ತೆಳು ಪೊರೆಯನ್ನು ಚಿಮಟದ ತುದಿಯಿಂದ ಬಿಡಿಸಿ, ಪಾದದ ಹತ್ತಿರ ಟಿಬಿಯಾಲಿಸ್ ಕಂಡರ ಕತ್ತರಿಸಿ ಆ ಸ್ನಾಯುವನ್ನು ಮೇಲಕ್ಕೆ ಮಡಚಿದರೆ ಇಡಿಎಲ್ ಕಾಣುತ್ತದೆ. ಅದರ ಕೆಳತುದಿಯ ಕಂಡರ ನಾಲ್ಕಾಗಿ ಒಡೆದು ಬೆರಳುಗಳಿಗೆ ಹೋಗುತ್ತದೆ. ಅಲ್ಲಿ ಕತ್ತರಿಸಿ, ಕಂಡರವನ್ನು ಮಾತ್ರ ಹಿಡಿದು ಮೆಲ್ಲಗೆ ಮೇಲೆತ್ತಬೇಕು. ಆಮೇಲೆ ಮೊಣಕಾಲಿನ ಹತ್ತಿರದ ಕಂಡರ ಕತ್ತರಿಸಬೇಕು. ನಡುವಿನ ಕೆಂಪು ಭಾಗವನ್ನು ಚಿಮಟದಲ್ಲಿ ಹಿಡಿಯಬಾರದು, ಎಳೆಯಬಾರದು, ಒಣಗಲೂ ಬಿಡಬಾರದು. ಚಿಮಟ ತಾಗಿದ ಕಡೆ ಎಳೆಗಳು ಅಲ್ಲೇ ಮುದುಡಿಕೊಂಡು ಸಾಯುತ್ತವೆ, ಆಮೇಲೆ ಡಿಶ್‌ನಲ್ಲಿ ನೋಡುವಾಗ ಅದರ ಲೆಕ್ಕ ಸಿಗುತ್ತದೆ. ಎರಡು ಕಂಡರದ ನಡುವೆ ಸ್ನಾಯು ಇಡಿಯಾಗಿ ಬಂದರೆ ಅರ್ಧ ಕೆಲಸ ಗೆದ್ದಂತೆ.

ಅದನ್ನು ನೇರವಾಗಿ ಕೊಲಾಜಿನೇಸ್ ಕಿಣ್ವಕ್ಕೆ ಹಾಕುತ್ತೇನೆ, ಎಳೆಗಳನ್ನು ಒಟ್ಟಿಗೆ ಹಿಡಿದಿಟ್ಟ ಅಂಗಾಂಶವನ್ನು ಕರಗಿಸುವುದು ಇದೇ. ಶೇಕಡ 0.2ರ ದ್ರಾವಣ, 37 ಡಿಗ್ರಿ ವಾಟರ್ ಬಾತ್, ಒಂದರಿಂದ ಎರಡು ಗಂಟೆ. ಈ ಒಂದರಿಂದ ಎರಡು ಅನ್ನುವುದರಲ್ಲೇ ಎಲ್ಲಾ ಇದೆ. ಕಿಣ್ವದ ಒಂದು ಲಾಟ್‌ಗೂ ಇನ್ನೊಂದಕ್ಕೂ ಶಕ್ತಿ ಬೇರೆ ಬೇರೆ, ಇಲಿಯ ವಯಸ್ಸು ಜಾಸ್ತಿ ಆದಷ್ಟೂ ಹೊರಗಿನ ಅಂಗಾಂಶ ಗಟ್ಟಿ, ಹಾಗಾಗಿ ಗಡಿಯಾರ ನೋಡಿ ಕೆಲಸ ಮಾಡಿದರೆ ಆಗುವುದಿಲ್ಲ. ನಾನು ಒಂದು ಗಂಟೆಯಾದ ಮೇಲೆ ಆಗಾಗ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಮೊದಲು ಸ್ನಾಯು ನುಣುಪಾಗಿ ಒಂದೇ ತುಂಡಾಗಿರುತ್ತದೆ. ಆಮೇಲೆ ಸ್ವಲ್ಪ ಉಬ್ಬುತ್ತದೆ, ಅಂಚಿನಲ್ಲಿ ಬೇಯಿಸಿದ ಶಾವಿಗೆಯ ಹಾಗೆ ಎಳೆಗಳು ಸಡಿಲವಾಗಿ ಹೊರಬರುತ್ತವೆ. ಆ ಹೊತ್ತಿಗೆ ತೆಗೆಯಬೇಕು. ಇನ್ನೂ ಬಿಟ್ಟರೆ ಕಿಣ್ವ ಹೊದಿಕೆಯನ್ನೂ ತಿನ್ನುತ್ತದೆ, ಸ್ಯಾಟಲೈಟ್ ಕೋಶ ಉದುರಿಹೋಗುತ್ತದೆ. ಬೇಗ ತೆಗೆದರೆ ಎಳೆ ಬಿಡಿಸಲು ಬಲ ಹಾಕಬೇಕಾಗುತ್ತದೆ, ಆಗ ಮುರಿಯುತ್ತದೆ.

ಡಿಶ್‌ಗಳಿಗೆ ಮೊದಲೇ ಕುದುರೆಯ ಸೀರಮ್ ಹಚ್ಚಿಟ್ಟಿರಬೇಕು, ಇಲ್ಲದಿದ್ದರೆ ಎಳೆಗಳು ತಳಕ್ಕೆ ಅಂಟುತ್ತವೆ. ಪಿಪೆಟ್‌ಗಳೂ ಅಷ್ಟೇ. ಗಾಜಿನ ಪಾಶ್ಚರ್ ಪಿಪೆಟ್‌ನ ತುದಿ ಮುರಿದು, ಉರಿಯಲ್ಲಿ ಹಿಡಿದು ಬಾಯಿ ನಯ ಮಾಡಿಕೊಳ್ಳುತ್ತೇನೆ. ಅಗಲ ಬಾಯಿಯದು ಒಂದು, ಸಪೂರ ಬಾಯಿಯದು ಇನ್ನೊಂದು. ಅಗಲದ್ದರಲ್ಲಿ ಸ್ನಾಯುವಿನ ಮೇಲೆ ಬೆಚ್ಚಗಿನ ಮೀಡಿಯಂ (ಕೋಶಗಳನ್ನು ಬದುಕಿಸಿಡುವ ದ್ರವ) ಮೆಲ್ಲಗೆ ಬಿಡುತ್ತಾ ಹೋದರೆ ಎಳೆಗಳು ಒಂದೊಂದಾಗಿ ಕಳಚಿಕೊಳ್ಳುತ್ತವೆ. ಐದಾರು ನಿಮಿಷಕ್ಕೊಮ್ಮೆ ಡಿಶ್ ಅನ್ನು ಇನ್‌ಕ್ಯುಬೇಟರ್‌ಗೆ ವಾಪಸ್ ಇಡಬೇಕು, ಹೊರಗಿನ ತಣ್ಣನೆಯ ಗಾಳಿ ಅವಕ್ಕೆ ಆಗುವುದಿಲ್ಲ. ಬದುಕಿರುವ ಎಳೆ ಉದ್ದವಾಗಿ, ನೇರವಾಗಿ, ಗಾಜಿನ ಹೊಳಪಿನಲ್ಲಿ ಇರುತ್ತದೆ. ಮೈಕ್ರೋಸ್ಕೋಪಿನ ಕೆಳಗೆ ಅದರ ಅಡ್ಡ ಪಟ್ಟೆಗಳೂ ಕಾಣುತ್ತವೆ. ಸತ್ತದ್ದು ಗಿಡ್ಡವಾಗಿ, ಕಪ್ಪಾಗಿ, ಸುರುಳಿ ಸುತ್ತಿಕೊಂಡಿರುತ್ತದೆ. ಸಪೂರ ಪಿಪೆಟ್‌ನಿಂದ ಒಳ್ಳೆಯ ಎಳೆಗಳನ್ನು ಮಾತ್ರ ಆರಿಸಿ ಹೊಸ ಡಿಶ್‌ಗೆ, ಅಲ್ಲಿಂದ ಇನ್ನೊಂದಕ್ಕೆ, ಹೀಗೆ ಕಸ ಕಳೆಯುತ್ತಾ ಹೋಗುತ್ತೇನೆ. ಈ ಹಂತದಲ್ಲಿ ನನ್ನನ್ನು ಯಾರೂ ಮಾತಾಡಿಸಬಾರದು, ಫೋನ್ ಹೊರಗೆ ಇಟ್ಟು ಬಂದಿರುತ್ತೇನೆ.

ಅರ್ಧದಷ್ಟು ಎಳೆಗಳನ್ನು ಕೂಡಲೇ ಫಿಕ್ಸ್ ಮಾಡುತ್ತೇನೆ, ಅಂದರೆ ರಾಸಾಯನಿಕ ಹಾಕಿ ಇದ್ದ ಸ್ಥಿತಿಯಲ್ಲೇ ನಿಲ್ಲಿಸುತ್ತೇನೆ, ಇದು ಸೊನ್ನೆ ಗಂಟೆಯ ಗುಂಪು. ಉಳಿದವು ಸೀರಮ್ ಮತ್ತು ಕೋಳಿ ಭ್ರೂಣದ ಸಾರ ಸೇರಿಸಿದ ಮೀಡಿಯಂನಲ್ಲಿ ತೇಲುತ್ತಾ ಇರುತ್ತವೆ. 24, 48, 72 ಗಂಟೆಗೆ ಅವನ್ನೂ ಫಿಕ್ಸ್ ಮಾಡುತ್ತೇನೆ. ಆಮೇಲೆ ಆಂಟಿಬಾಡಿ, ಬೇಕಾದ ಪ್ರೋಟೀನಿಗೆ ಮಾತ್ರ ಅಂಟಿ ಅದು ಬಣ್ಣದಲ್ಲಿ ಹೊಳೆಯುವ ಹಾಗೆ ಮಾಡಲು. ಪ್ಯಾಕ್ಸ್7 ಅನ್ನುವ ಪ್ರೋಟೀನ್ ಮಲಗಿರುವ ಸ್ಯಾಟಲೈಟ್ ಕೋಶದ ಗುರುತು. 2000ದಲ್ಲಿ ಕೆನಡಾದ ಮೈಕೆಲ್ ರುಡ್ನಿಕಿ ಅವರ ತಂಡ ಇದನ್ನು ತೋರಿಸಿಕೊಟ್ಟ ಮೇಲೆ ಈ ಕ್ಷೇತ್ರದ ಕೆಲಸವೇ ಬದಲಾಯಿತು. ಅದಕ್ಕೆ ಮೊದಲು ಹೆಚ್ಚಾಗಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಕೂತ ಜಾಗ ನೋಡಿ ಹೇಳಬೇಕಿತ್ತು. ಮಯೋಡಿ ಅನ್ನುವ ಪ್ರೋಟೀನ್ ಎದ್ದ ಕೋಶದ ಗುರುತು. ಡ್ಯಾಪಿ ಅನ್ನುವ ಬಣ್ಣದ ವಸ್ತು ಎಲ್ಲಾ ನ್ಯೂಕ್ಲಿಯಸ್‌ಗೂ ನೀಲಿ ಬಣ್ಣ ಕೊಡುತ್ತದೆ.

ಸೊನ್ನೆ ಗಂಟೆಯ ಎಳೆಯನ್ನು ಕತ್ತಲೆ ಕೋಣೆಯಲ್ಲಿ ನೋಡುವಾಗ ಮೊದಲು ನೀಲಿ ಚುಕ್ಕೆಗಳೇ ಉದ್ದಕ್ಕೂ ಕಾಣುತ್ತವೆ, ನೂರಾರು. ಫಿಲ್ಟರ್ ಬದಲಿಸಿದರೆ ಎಲ್ಲಾ ಮಾಯ. ಸ್ಟೇಜನ್ನು ಮೆಲ್ಲಗೆ ಸರಿಸುತ್ತಾ ಹೋಗಬೇಕು, ಏನೂ ಇಲ್ಲ, ಏನೂ ಇಲ್ಲ, ಆಮೇಲೆ ಒಂದು ಹಸಿರು ಚುಕ್ಕೆ, ಅದೇ ಪ್ಯಾಕ್ಸ್7. ಇನ್ನಷ್ಟು ದೂರಕ್ಕೆ ಇನ್ನೊಂದು. ಇಡಿಎಲ್‌ನ ಒಂದು ಎಳೆಯ ಮೇಲೆ ಸರಾಸರಿ ಏಳರಷ್ಟು ಸ್ಯಾಟಲೈಟ್ ಕೋಶ ಇರುತ್ತದೆ, ಅಷ್ಟೇ. ಅಷ್ಟು ಕಡಿಮೆ ಕೋಶಕ್ಕೆ ಎಷ್ಟು ಶಕ್ತಿ ಅಂತ 2005ರಲ್ಲಿ ಲಂಡನ್ನಿನಲ್ಲಿ ಟೆರೆನ್ಸ್ ಪಾರ್ಟ್ರಿಜ್ ಮತ್ತು ಸಂಗಡಿಗರು ತೋರಿಸಿದರು. ಇಂಥ ಒಂದೇ ಒಂದು ಎಳೆಯನ್ನು ಇನ್ನೊಂದು ಇಲಿಯ ಸ್ನಾಯುವಿನೊಳಗೆ ಇಟ್ಟರು. ಏಳು ಕೋಶದಷ್ಟಿದ್ದರೂ ಅದರಿಂದ ನೂರಕ್ಕೂ ಜಾಸ್ತಿ ಹೊಸ ಎಳೆಗಳು ಹುಟ್ಟಿದವು, ಅವುಗಳಲ್ಲಿ ಸಾವಿರಾರು ನ್ಯೂಕ್ಲಿಯಸ್. ಜೊತೆಗೆ ಹೊಸ ಸ್ಯಾಟಲೈಟ್ ಕೋಶಗಳೂ ಆದವು. ಆ ಪ್ರಬಂಧ ಓದಿಕೊಂಡೇ ನಾನು ಈ ಕೆಲಸಕ್ಕೆ ಬಂದಿದ್ದು, ಈಗಲೂ ಹಸಿರು ಚುಕ್ಕೆ ಕಂಡಾಗ ಅದೇ ನೆನಪಾಗುತ್ತದೆ.

24 ಗಂಟೆಗೆ ನೋಡಿದರೆ ಬಹುತೇಕ ಎಲ್ಲಾ ಕೋಶಗಳಲ್ಲೂ ಪ್ಯಾಕ್ಸ್7 ಜೊತೆಗೆ ಮಯೋಡಿ ಬಂದಿರುತ್ತದೆ. ಎದ್ದಿವೆ, ಆದರೆ ಇನ್ನೂ ಒಂಟಿ ಒಂಟಿ. ಮೊದಲ ವಿಭಜನೆಗೆ ಒಂದು ದಿನಕ್ಕಿಂತ ಜಾಸ್ತಿ ಬೇಕು, ಆಮೇಲಿನವು ಬೇಗ ಬೇಗ ಆಗುತ್ತವೆ. 48ಕ್ಕೆ ಜೋಡಿಗಳು. 72ಕ್ಕೆ ಎಳೆಯ ಮೇಲೆ ಅಲ್ಲಲ್ಲಿ ಕೋಶಗಳ ಗುಂಪು. ಆ ಗುಂಪನ್ನು ಹತ್ತಿರದಿಂದ ನೋಡುವುದು ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ. ಒಂದೇ ಕೋಶದಿಂದ ಹುಟ್ಟಿದವು, ಆದರೆ ಎಲ್ಲಾ ಒಂದೇ ಥರ ಇಲ್ಲ. ಕೆಲವು ಪ್ಯಾಕ್ಸ್7 ಬಿಟ್ಟುಕೊಟ್ಟು ಮಯೋಜೆನಿನ್ ಅನ್ನುವ ಇನ್ನೊಂದು ಪ್ರೋಟೀನ್ ಹತ್ತಿಸಿಕೊಂಡಿರುತ್ತವೆ, ಅವು ಸ್ನಾಯುವಾಗಲು ಹೊರಟವು. ಕೆಲವು ಪ್ಯಾಕ್ಸ್7, ಮಯೋಡಿ ಎರಡನ್ನೂ ಇಟ್ಟುಕೊಂಡು ಇನ್ನೂ ವಿಭಜನೆ ಆಗುತ್ತಿರುತ್ತವೆ. ಇನ್ನು ಕೆಲವು ಮಯೋಡಿ ನಿಲ್ಲಿಸಿ ಪ್ಯಾಕ್ಸ್7 ಮಾತ್ರ ಉಳಿಸಿಕೊಂಡು ಮತ್ತೆ ಮಲಗುವ ದಾರಿಯಲ್ಲಿರುತ್ತವೆ. ಮುಂದಿನ ಗಾಯಕ್ಕೆ ಉಳಿಯುವುದು ಇವೇ. ಸಂಖ್ಯೆ ಖಾಲಿಯಾಗದ ಹಾಗೆ ನೋಡಿಕೊಳ್ಳುವ ಈ ವ್ಯವಸ್ಥೆ ಡಿಶ್‌ನಲ್ಲಿ, ಎಳೆಯ ಮೇಲೆ, ಮೂರೇ ದಿನದಲ್ಲಿ ಕಣ್ಣಿಗೆ ಕಾಣುತ್ತದೆ.

ಇಲ್ಲಿ ಒಂದು ಮಾತು ಸೇರಿಸಬೇಕು. ಸೊನ್ನೆ ಗಂಟೆ ಅಂತ ನಾವು ಹೇಳಿದರೂ ಅದು ನಿಜವಾದ ಸೊನ್ನೆ ಏನಲ್ಲ. ಕತ್ತರಿ ಹಾಕಿ, ಕಿಣ್ವದಲ್ಲಿ ಇಟ್ಟು, ಎಳೆ ಬಿಡಿಸುವಷ್ಟರಲ್ಲಿ ಗಂಟೆಗಳೇ ಕಳೆದಿರುತ್ತವೆ. 2017ರಲ್ಲಿ ಫ್ರಾನ್ಸಿನ ಒಂದು ತಂಡ ಸ್ನಾಯುವನ್ನು ಮೊದಲೇ ಫಿಕ್ಸ್ ಮಾಡಿ ಆಮೇಲೆ ಕೋಶ ಬಿಡಿಸಿ ಹೋಲಿಸಿ ನೋಡಿತು. ಮಾಮೂಲಿ ವಿಧಾನದಲ್ಲಿ ಬಿಡಿಸಿದ ಕೋಶಗಳಲ್ಲಿ ಎಷ್ಟೋ ಜೀನ್‌ಗಳು ಅಷ್ಟರಲ್ಲೇ ಹತ್ತಿಕೊಂಡಿದ್ದವು. ಇನ್ನೂ ಒಂದು ಇದೆ. 2014ರಲ್ಲಿ ಸ್ಟ್ಯಾನ್‌ಫರ್ಡ್‌ನ ಥಾಮಸ್ ರಾಂಡೊ ಅವರ ಲ್ಯಾಬ್ ತೋರಿಸಿದ ಹಾಗೆ, ಇಲಿಯ ಒಂದು ಕಾಲಿಗೆ ಗಾಯ ಮಾಡಿದರೆ ಇನ್ನೊಂದು ಕಾಲಿನ ಸ್ಯಾಟಲೈಟ್ ಕೋಶಗಳೂ ಅರ್ಧ ಎಚ್ಚರದ ಸ್ಥಿತಿಗೆ ಬಂದಿರುತ್ತವೆ. ಹಾಗಾಗಿ ಗಾಯದ ಪ್ರಯೋಗದಲ್ಲಿ ಎದುರು ಕಾಲನ್ನೇ ಸುಮ್ನೆ ಕಂಟ್ರೋಲ್ (ಹೋಲಿಕೆಗೆ ಇಡುವ ಗಾಯವಿಲ್ಲದ ಸ್ನಾಯು) ಅಂತ ತೆಗೆದುಕೊಳ್ಳುವುದು ನನಗೆ ಒಪ್ಪಿಗೆ ಇಲ್ಲ. ಗಾಯವೇ ಆಗದ ಬೇರೆ ಇಲಿ ಬೇಕು.

ಸರಿ, ಸ್ನಾಯು ಬೆಳೆಯುವುದಕ್ಕೆ ಇವು ಬೇಕೇ ಬೇಕಾ? ನಮ್ಮ ಏರಿಯಾದ ಜಿಮ್‌ನ ಟ್ರೈನರ್ ಒಬ್ಬರು ನನ್ನನ್ನು ಕೇಳಿದ್ದೂ ಇದನ್ನೇ: "ಮೇಡಂ, ಸ್ಯಾಟಲೈಟ್ ಸೆಲ್ ಇಲ್ಲಾಂದ್ರೆ ಗೇನ್ಸ್ ಬರೋದೇ ಇಲ್ಲ ಅಲ್ವಾ?" ಅವರಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಗಾಯ ವಾಸಿಯಾಗಲು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. 2011ರಲ್ಲಿ ಬೇರೆ ಬೇರೆ ತಂಡಗಳು ಇಲಿಯ ಸ್ಯಾಟಲೈಟ್ ಕೋಶಗಳನ್ನು ಮಾತ್ರ ಆರಿಸಿ ಸಾಯಿಸುವ ತಂತ್ರ ಬಳಸಿ, ಆಮೇಲೆ ಸ್ನಾಯುವಿಗೆ ಗಾಯ ಮಾಡಿ ನೋಡಿದವು. ಸ್ನಾಯು ವಾಪಸ್ ಬರಲೇ ಇಲ್ಲ. ಅದೇ ವರ್ಷ, ಅದೇ ತಂತ್ರ ಬಳಸಿ ಕೆಂಟಕಿ ವಿಶ್ವವಿದ್ಯಾಲಯದ ಜಾನ್ ಮೆಕಾರ್ಥಿ, ಷಾರ್ಲೊಟ್ ಪೀಟರ್ಸನ್ ತಂಡ ಗಾಯದ ಬದಲು ಭಾರ ಹಾಕಿ ನೋಡಿತು. ಮೀನಖಂಡದಲ್ಲಿ ಜೊತೆಗೆ ಕೆಲಸ ಮಾಡುವ ಬೇರೆ ಸ್ನಾಯುಗಳನ್ನು ತೆಗೆದು, ಪ್ಲಾಂಟಾರಿಸ್ ಅನ್ನುವ ಒಂದೇ ಸ್ನಾಯು ಎಲ್ಲಾ ಭಾರ ಹೊರುವ ಹಾಗೆ ಮಾಡಿದರು. ಶೇಕಡ 90ಕ್ಕೂ ಜಾಸ್ತಿ ಸ್ಯಾಟಲೈಟ್ ಕೋಶ ಇಲ್ಲದಿದ್ದರೂ ಎರಡು ವಾರದಲ್ಲಿ ಎಳೆಗಳು ದಪ್ಪ ಆದವು. ಹೊಸ ನ್ಯೂಕ್ಲಿಯಸ್ ಬರಲಿಲ್ಲ, ಆದರೂ ಬೆಳೆದವು. ಈ ಕ್ಷೇತ್ರದಲ್ಲಿ ಎಷ್ಟೋ ಜನ ಇದನ್ನು ನಂಬಲು ತಯಾರಿರಲಿಲ್ಲ.

ಆಮೇಲೆ ಜಗಳ ಜೋರಾಯಿತು. ಹೆಚ್ಚು ವಾರ ಭಾರ ಹಾಕಿದಾಗ ಅದೇ ಕೆಂಟಕಿ ತಂಡಕ್ಕೆ ಬೆಳವಣಿಗೆ ಕುಂಠಿತವಾಗುವುದು, ಸ್ನಾಯುವಿನ ನಡುವೆ ನಾರಿನಂಥ ಅಂಗಾಂಶ ತುಂಬಿಕೊಳ್ಳುವುದು ಕಂಡಿತು. ನಾರ್ವೆಯ ಓಸ್ಲೊ ತಂಡ ಪ್ರಯೋಗ ಮಾಡಿ ಇಲ್ಲ, ಸ್ಯಾಟಲೈಟ್ ಕೋಶ ಇಲ್ಲದೆ ಬೆಳೆಯುವುದಿಲ್ಲ ಅಂತ ಹೇಳಿತು. 2017ರಲ್ಲಿ ಡಗ್ಲಸ್ ಮಿಲ್ಲೆ ಅವರ ಲ್ಯಾಬ್ ಬೇರೆ ದಾರಿ ಹಿಡಿಯಿತು. ಕೋಶಗಳು ಎಳೆಯೊಳಗೆ ಸೇರಿಕೊಳ್ಳಲು ಮಯೋಮೇಕರ್ ಅನ್ನುವ ಪ್ರೋಟೀನ್ ಬೇಕು. ಅದನ್ನು ಸ್ಯಾಟಲೈಟ್ ಕೋಶದಿಂದ ತೆಗೆದುಹಾಕಿದರೆ ಕೋಶ ಇರುತ್ತದೆ, ಆದರೆ ಸೇರಿಕೊಳ್ಳಲಾರದು. ಆಗ ಭಾರ ಹಾಕಿದರೂ ಸ್ನಾಯು ಬೆಳೆಯಲಿಲ್ಲ. ಅದೇ ವರ್ಷ ಕೆಂಟಕಿಯವರು ವಯಸ್ಸಿನ ವಿಷಯ ಎತ್ತಿದರು: ಎರಡು ತಿಂಗಳ, ಇನ್ನೂ ಬೆಳೆಯುತ್ತಿರುವ ಇಲಿಗೆ ಈ ಕೋಶ ಬೇಕು, ನಾಲ್ಕು ತಿಂಗಳ ಬೆಳೆದ ಇಲಿಗೆ ಇಲ್ಲದಿದ್ದರೂ ನಡೆಯುತ್ತದೆ.

ನಾನು ಈ ವಯಸ್ಸಿನ ಮಾತಿಗೆ ಜಾಸ್ತಿ ಬೆಲೆ ಕೊಡುತ್ತೇನೆ, ಯಾಕೆಂದರೆ ನನ್ನದೇ ಇಡಿಎಲ್ ಎಳೆಗಳ ಮೇಲೆ ಅದು ಕಾಣುತ್ತದೆ. ಪೀಟರ್ ಜಮ್ಮಿಟ್ ಅವರ ತಂಡ 2010ರಲ್ಲಿ ಇದೇ ಸ್ನಾಯುವಿನ ಎಳೆಗಳನ್ನು ಬೇರೆ ಬೇರೆ ವಯಸ್ಸಿನಲ್ಲಿ ಬಿಡಿಸಿ ನ್ಯೂಕ್ಲಿಯಸ್ ಎಣಿಸಿತ್ತು. ಸುಮಾರು 21 ದಿನದವರೆಗೆ ನ್ಯೂಕ್ಲಿಯಸ್ ಸೇರುತ್ತಾ ಹೋಗುತ್ತದೆ, ಆಮೇಲೆ ನಿಲ್ಲುತ್ತದೆ. ಎಳೆ ಮಾತ್ರ ದಪ್ಪ ಆಗುತ್ತಲೇ ಇರುತ್ತದೆ. ನಾನೂ ಮರಿ ಇಲಿಯದ್ದು, ಬೆಳೆದ ಇಲಿಯದ್ದು ಪಕ್ಕ ಪಕ್ಕ ಇಟ್ಟು ನೋಡಿದ್ದೇನೆ. ಮರಿಯ ಸಪೂರ ಎಳೆಯಲ್ಲಿ ನ್ಯೂಕ್ಲಿಯಸ್‌ಗಳು ಒತ್ತೊತ್ತಾಗಿ ಕೂತಿರುತ್ತವೆ, ದೊಡ್ಡದರಲ್ಲಿ ಒಂದಕ್ಕೂ ಇನ್ನೊಂದಕ್ಕೂ ಬೇಕಾದಷ್ಟು ಜಾಗ. ಅಂದರೆ ಒಂದು ನ್ಯೂಕ್ಲಿಯಸ್ ಮೊದಲಿಗಿಂತ ದೊಡ್ಡ ಜಾಗವನ್ನು ನೋಡಿಕೊಳ್ಳಬಲ್ಲದು. ಒಂದು ಮಟ್ಟದವರೆಗೆ ಸ್ನಾಯು ಇದ್ದ ನ್ಯೂಕ್ಲಿಯಸ್‌ಗಳಲ್ಲೇ ಬೆಳೆಯುತ್ತದೆ. ಆ ಮಟ್ಟ ಮೀರಿದರೆ, ಅಥವಾ ತುಂಬಾ ದಿನ ಭಾರ ಬಿದ್ದರೆ, ಸ್ಯಾಟಲೈಟ್ ಕೋಶ ಬೇಕಾಗುತ್ತದೆ. ಇದು ನಾನು ಎಳೆಗಳನ್ನು ನೋಡಿ, ಓದಿ, ತಲುಪಿದ ಅಭಿಪ್ರಾಯ.

ಮನುಷ್ಯರಲ್ಲಿ ಹೀಗೆ ಕೋಶ ತೆಗೆದುಹಾಕಿ ನೋಡಲು ಆಗುವುದಿಲ್ಲ. ತೊಡೆಯಿಂದ ದಪ್ಪ ಸೂಜಿಯಲ್ಲಿ ಬಯಾಪ್ಸಿ ತೆಗೆದು ಎಣಿಸಬೇಕು ಅಷ್ಟೇ. ಅಮೆರಿಕದ ಅಲಬಾಮಾದಲ್ಲಿ ಮಾರ್ಕಸ್ ಬ್ಯಾಮ್‌ಮನ್ ತಂಡ 66 ಜನರಿಗೆ 16 ವಾರ ಕಾಲಿನ ವೇಯ್ಟ್ ಟ್ರೈನಿಂಗ್ ಕೊಟ್ಟು 2008ರಲ್ಲಿ ಫಲಿತಾಂಶ ಬರೆಯಿತು. ಎಲ್ಲರಿಗೂ ಒಂದೇ ವ್ಯಾಯಾಮ. 17 ಜನರ ಎಳೆಗಳು ಸಿಕ್ಕಾಪಟ್ಟೆ ದಪ್ಪ ಆದವು, 17 ಜನರದ್ದು ಏನೂ ಆಗಲಿಲ್ಲ, ಉಳಿದವರು ನಡುವೆ. ಚೆನ್ನಾಗಿ ಬೆಳೆದವರಲ್ಲಿ ಶುರುವಿನಲ್ಲೇ ಸ್ಯಾಟಲೈಟ್ ಕೋಶ ಜಾಸ್ತಿ ಇದ್ದವು, ಟ್ರೈನಿಂಗ್ ಆದಮೇಲೆ ಇನ್ನೂ ಹೆಚ್ಚಾದವು. ವಯಸ್ಸಾದವರಲ್ಲಿ ವೇಗದ ಎಳೆಗಳ (ಬೇಗ ಸಂಕುಚಿಸುವ ಎಳೆಗಳ) ಮೇಲಿನ ಸ್ಯಾಟಲೈಟ್ ಕೋಶ ಕಡಿಮೆಯಾಗಿರುತ್ತದೆ, ನೆದರ್ಲೆಂಡ್ಸ್‌ನ ಅಧ್ಯಯನಗಳಲ್ಲಿ 12 ವಾರ ವೇಯ್ಟ್ ಎತ್ತಿಸಿದಾಗ ವಯಸ್ಸಾದ ಗಂಡಸರಲ್ಲಿ ಅದು ಮತ್ತೆ ಏರಿತು. ಇದನ್ನು ಓದಿದ ಮೇಲೆ ನಮ್ಮ ಅಪ್ಪನಿಗೆ ಬರೀ ವಾಕಿಂಗ್ ಸಾಲದು, ಡಾಕ್ಟರ್‌ನ ಕೇಳಿಕೊಂಡು ಸ್ವಲ್ಪ ಭಾರವನ್ನೂ ಎತ್ತಿ ಅಂತ ಹಟ ಹಿಡಿದಿದ್ದೇನೆ. ಸ್ಯಾಟಲೈಟ್ ಸೆಲ್ ಎಬ್ಬಿಸುತ್ತೆ ಅಂತ ಬರೆದ ಪುಡಿ ಡಬ್ಬಿಗಳಿಗೆ ಮಾತ್ರ ದುಡ್ಡು ಹಾಕಬೇಡಿ. ಅವನ್ನು ಎಬ್ಬಿಸುವುದು ಭಾರ ಮತ್ತು ಗಾಯ.

ಬೆಂಗಳೂರಿನವಳಾಗಿ ಒಂದು ಹೆಮ್ಮೆಯ ವಿಷಯ ಹೇಳದೆ ಇರಲಾರೆ. ಹಣ್ಣಿನ ನೊಣಕ್ಕೆ ಸ್ಯಾಟಲೈಟ್ ಕೋಶ ಇಲ್ಲ ಅಂತಲೇ ತುಂಬಾ ಕಾಲ ಅಂದುಕೊಂಡಿದ್ದರು. ಇಲ್ಲಿನ ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಕೆ. ವಿಜಯರಾಘವನ್ ಅವರ ತಂಡ 2017ರಲ್ಲಿ ನೊಣದ ಹಾರಾಟದ ಸ್ನಾಯುವಿನಲ್ಲೂ ಅಂಥ ಕೋಶಗಳಿವೆ, ಗಾಯವಾದರೆ ವಿಭಜನೆ ಆಗುತ್ತವೆ ಅಂತ ತೋರಿಸಿತು. ಮಲಗಿರುವ ಕೋಶ ಮಲಗಿಯೇ ಇರುವುದು ಹೇಗೆ ಅನ್ನುವ ಪ್ರಶ್ನೆಯ ಮೇಲೆ ಜ್ಯೋತ್ಸ್ನಾ ಧವನ್ ಅವರು ಹೈದರಾಬಾದಿನಲ್ಲೂ ಬೆಂಗಳೂರಿನಲ್ಲೂ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಈ ಕೆಲಸ ಕಲಿಯಲು ವಿದೇಶಕ್ಕೇ ಹೋಗಬೇಕಿಲ್ಲ.

ಈಗ ನಾನು ಸೋಲಿಯಸ್ ಎಳೆಗಳನ್ನು ಹಿಡಿದಿದ್ದೇನೆ. ಮೀನಖಂಡದ ಒಳಗಿನ ನಿಧಾನ ಸ್ನಾಯು ಅದು, ನಿಂತಾಗಲೆಲ್ಲಾ ಕೆಲಸ ಮಾಡುತ್ತಿರುತ್ತದೆ. ಕಿಣ್ವ ಜಾಸ್ತಿ ಹೊತ್ತು ಬೇಕು, ಎಳೆ ಬಿಡಿಸುವುದೂ ಕಷ್ಟ. ಆದರೆ ಅದರ ಒಂದು ಎಳೆಯ ಮೇಲೆ ಇಪ್ಪತ್ತಕ್ಕೂ ಜಾಸ್ತಿ ಸ್ಯಾಟಲೈಟ್ ಕೋಶ ಇರುತ್ತವೆ. ಒಂದೇ ಕಾಲು, ಒಂದೇ ರಕ್ತ, ಆದರೂ ಇಡಿಎಲ್‌ಗಿಂತ ಮೂರು ಪಟ್ಟು. ದಿನವಿಡೀ ಕೆಲಸ ಮಾಡುವ ಎಳೆ ತನ್ನ ಪಕ್ಕದಲ್ಲಿ ಅಷ್ಟು ಕೋಶಗಳನ್ನು ಹೇಗೆ ಇಟ್ಟುಕೊಳ್ಳುತ್ತದೆ, ಅವು ಭಾರ ಬಿದ್ದಾಗ ಇಡಿಎಲ್‌ನವಕ್ಕಿಂತ ಬೇಗ ಏಳುತ್ತವೆಯಾ ಅನ್ನುವುದನ್ನು ಎರಡೂ ಎಳೆಗಳನ್ನು ಒಂದೇ ಇಲಿಯಿಂದ, ಒಂದೇ ದಿನ ಬಿಡಿಸಿ ಪಕ್ಕ ಪಕ್ಕದ ಡಿಶ್‌ನಲ್ಲಿಟ್ಟು ನೋಡುತ್ತಿದ್ದೇನೆ.